ಇಬ್ಬರೇ ಬೆಟ್ಟ ಹತ್ತುವುದಾದರೆ: ರಾಣಿಪುರಂ ಕಡೆಗೊಂದು ಎರಡು ದಿನದ ಪ್ಲಾನ್

ಗೆಳೆಯರ ದಂಡು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವುದು ಒಂದು ಲೆಕ್ಕ, ಗಂಡ ಹೆಂಡತಿ ಇಬ್ಬರೇ ಹೋಗುವುದು ಬೇರೆಯೇ ಲೆಕ್ಕ. ಹತ್ತು ಜನ ಇದ್ದರೆ ಒಬ್ಬನ ನೀರು ಖಾಲಿಯಾದಾಗ ಇನ್ನೊಬ್ಬ ಕೊಡುತ್ತಾನೆ, ಯಾರದ್ದಾದರೂ ಕಾಲು ಉಳುಕಿದರೆ ಇಬ್ಬರು ಹೆಗಲು ಕೊಡುತ್ತಾರೆ, ದಾರಿ ತಪ್ಪಿದರೂ ನಾಲ್ಕು ತಲೆ ಸೇರಿ ಯೋಚಿಸಬಹುದು. ಇಬ್ಬರೇ ಇದ್ದಾಗ ಒಬ್ಬರಿಗೆ ಏನಾದರೂ ಆದರೆ ಉಳಿದವರೇ ಎಲ್ಲ. ಹಾಗಂತ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ನಮ್ಮ ಕಾಸರಗೋಡಿನ ಬೆಟ್ಟಗಳು ಅಷ್ಟೇನೂ ಕಷ್ಟದವಲ್ಲ. ಆದರೆ ಪ್ಲಾನ್ ಮಾಡುವಾಗ ಇಬ್ಬರಲ್ಲಿ ಯಾರು ನಿಧಾನ ನಡೆಯುತ್ತಾರೋ ಅವರ ಕಾಲಿಗೆ ಸರಿಯಾಗಿ ಮಾಡಿ. ಬೆಟ್ಟ ಯಾವುದು, ಎಷ್ಟು ಗಂಟೆಗೆ ಹೊರಡುವುದು, ಚೀಲದಲ್ಲಿ ಎಷ್ಟು ಭಾರ, ಎಲ್ಲಿಂದ ವಾಪಸ್ಸು, ಎಲ್ಲದಕ್ಕೂ ಅದೇ ಅಳತೆ. ಫಿಟ್ ಆಗಿರುವವರ ಉಮೇದಿಗೆ ತಕ್ಕಂತೆ ಮಾಡಿದ ಪ್ಲಾನ್ ಅರ್ಧ ದಾರಿಯಲ್ಲಿ ಜಗಳವಾಗುತ್ತದೆ, ಬರೆದಿಟ್ಟುಕೊಳ್ಳಿ.

ಯಾವ ಬೆಟ್ಟ?

ಇಬ್ಬರಿಗೂ ಅಭ್ಯಾಸ ಇಲ್ಲದಿದ್ದರೆ ಮೊದಲು ಪೊಸಡಿಗುಂಪೆಗೆ ಹೋಗಿ ಬನ್ನಿ. ಮಂಜೇಶ್ವರ ತಾಲೂಕಿನ ಧರ್ಮತ್ತಡ್ಕದ ಹತ್ತಿರ ಇರುವ ಗುಡ್ಡ, ಎತ್ತರ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ. ಮೇಲೆ ನಿಂತರೆ ಪಡುವಣಕ್ಕೆ ಕಡಲು ಕಾಣುತ್ತದೆ, ಆಕಾಶ ತಿಳಿಯಾಗಿದ್ದರೆ ಈಶಾನ್ಯದಲ್ಲಿ ಕುದುರೆಮುಖದ ಸಾಲೂ ಕಾಣುತ್ತದೆ. ಸಂಜೆ ಹೋಗಿ ಬರುವಷ್ಟು ಚಿಕ್ಕ ನಡಿಗೆ. ಇದನ್ನು ಟ್ರೆಕ್ಕಿಂಗ್ ಎಂದು ಕರೆದರೆ ಊರಿನವರು ನಗಬಹುದು, ನಗಲಿ. ಹೊಸ ಶೂ ಎಲ್ಲಿ ಕಚ್ಚುತ್ತದೆ, ಯಾರಿಗೆ ಎಷ್ಟು ಹೊತ್ತಿಗೆ ಏದುಸಿರು ಬರುತ್ತದೆ, ಇಳಿಯುವಾಗ ಯಾರ ಮೊಣಕಾಲು ನೋಯುತ್ತದೆ ಎಂಬುದೆಲ್ಲ ಇಲ್ಲಿಯೇ ಗೊತ್ತಾಗಿಬಿಡುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಅದು ಸಲೀಸಾಗಿ ಆಯಿತೆಂದರೆ ರಾಣಿಪುರಂ. ಹಳಬರು ಇದನ್ನು ಮಾಡತ್ತುಮಲೆ ಎನ್ನುತ್ತಿದ್ದರು, 1970ರ ಮೇಲೆ ಬಂದದ್ದು ಈಗಿನ ಹೆಸರು. ಪನತ್ತಡಿ ಪಂಚಾಯತ್‌ನಲ್ಲಿದೆ. ಬೆಟ್ಟದ ಬುಡವೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ತುದಿಯ ಮಾನಿಪ್ಪಾರೆ ಸಾವಿರ ಮೀಟರ್ ದಾಟುತ್ತದೆ. ಮೊದಲು ದಟ್ಟ ಕಾಡಿನ ಏರು, ಆಮೇಲೆ ತಟಕ್ಕನೆ ಹುಲ್ಲುಗಾವಲು. ಆಚೆ ಬದಿ ಕರ್ನಾಟಕದ ತಲಕಾವೇರಿ ವನ್ಯಧಾಮ. ಒಂದು ದಿನದಲ್ಲಿ ಹತ್ತಿಳಿಯುವಷ್ಟೇ ದೂರ, ಆದರೂ ಬೆಟ್ಟ ಹತ್ತಿದೆವು ಎನ್ನುವ ಸಮಾಧಾನ ಕೊಡುವಷ್ಟು ಏರು ಇದೆ. ಜೋಡಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಕೊನ್ನಕ್ಕಾಡ್ ಹತ್ತಿರದ ಕೊಟ್ಟಂಚೇರಿಯೂ ಚೆಂದವೇ, ಆದರೆ ಮೊದಲ ಸಲಕ್ಕೆ ರಾಣಿಪುರಂ ಸಾಕು. ಇನ್ನು ಕುಮಾರಪರ್ವತ. ರೀಲ್ಸ್ ನೋಡಿ ಸೀದಾ ಅಲ್ಲಿಗೇ ಹೊರಡುವವರು ಇದ್ದಾರೆ. 1712 ಮೀಟರ್ ಎತ್ತರದ ಬೆಟ್ಟ ಅದು, ಕುಕ್ಕೆಯಿಂದ ಹತ್ತಿ ಇಳಿಯುವುದೆಂದರೆ ಇಡೀ ದಿನ ಬೇಕು, ಮೊಣಕಾಲಿನ ಗತಿ ಕೇಳಲೇಬೇಡಿ. ಮೊದಲ ಟ್ರಿಪ್ಪಿಗೆ ಬೇಡ. ಖಂಡಿತ ಬೇಡ.

ಯಾವಾಗ ಹೋಗುವುದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಸಮಯ. ಮಾರ್ಚ್ ಆದಮೇಲೆ ಹುಲ್ಲು ಒಣಗಿ ಕೆಂಪಾಗುತ್ತದೆ, ನೆರಳಿಲ್ಲ, ಕಾಳ್ಗಿಚ್ಚಿನ ಭಯ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ಹಸಿರು ನೋಡಲು ಕಣ್ಣಿಗೆ ಹಬ್ಬ, ಆದರೆ ಇಂಬಳ, ಜಾರುವ ಪಾದೆ, ಮಂಜು. ಅದೂ ಅಲ್ಲದೆ ಮಳೆ ಜೋರಾದ ಕೂಡಲೇ ಜಿಲ್ಲಾಡಳಿತ ಬೆಟ್ಟದ ಕಡೆಯ ಜಾಗಗಳಿಗೆ ಪ್ರವೇಶ ನಿಲ್ಲಿಸುತ್ತದೆ, ರೂಮಿಗೆ ಕೊಟ್ಟ ಅಡ್ವಾನ್ಸ್ ಹೋಯಿತು ಎಂದೇ ಲೆಕ್ಕ.

ಹವಾಮಾನ ಇಲಾಖೆಯ ಬಣ್ಣಗಳನ್ನು ಸುಮ್ನೆ ನೋಡಿ ಬಿಡಬೇಡಿ. ಯೆಲ್ಲೋ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ ಬರಬಹುದು ಎಂದು, ಆರೆಂಜ್ ಎಂದರೆ 204.4ರ ತನಕ, ರೆಡ್ ಎಂದರೆ ಅದಕ್ಕೂ ಮೇಲೆ. ಯೆಲ್ಲೋ ಇದ್ದರೆ ಪೇಟೆಯಲ್ಲಿ ನಾವು ಕೊಡೆ ಹಿಡಿದುಕೊಂಡು ಓಡಾಡುತ್ತೇವೆ, ಬೆಟ್ಟದಲ್ಲಿ ಮಾತ್ರ ಅದೇ ಮಳೆಗೆ ಕಾಲುದಾರಿ ತೋಡಾಗಿಬಿಡುತ್ತದೆ. ನನ್ನ ನಿಯಮ ಸರಳ: ಯೆಲ್ಲೋ ಬಂದರೆ ಮುಂದಿನ ವಾರ.

ಅಕ್ಟೋಬರ್ ನವೆಂಬರ್‌ನಲ್ಲಿ ಇನ್ನೊಂದು ಸಂಗತಿ ಇದೆ. ಬೆಳಿಗ್ಗೆ ಬಿಸಿಲು ಕಾಯುತ್ತಿರುತ್ತದೆ, ಮಧ್ಯಾಹ್ನ ದಾಟಿದ ಕೂಡಲೇ ಮೂಡಣದಿಂದ ಮೋಡ ಕಟ್ಟಿ ಗುಡುಗು ಸಿಡಿಲು ಶುರು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಧ್ಯಾಹ್ನ 2ರಿಂದ ರಾತ್ರಿ 10ರ ತನಕ ಸಿಡಿಲಿಗೆ ಜಾಗ್ರತೆ ಎಂದು ಹೇಳುವುದು ಇದಕ್ಕೇ. ಬೋಳು ಹುಲ್ಲುಗಾವಲಿನ ಮೇಲೆ ನೀವಿಬ್ಬರೇ ಎತ್ತರದ ವಸ್ತುಗಳು ಎಂಬುದು ನೆನಪಿರಲಿ. ಎರಡು ಗಂಟೆಗೆ ಮೊದಲು ಕೆಳಗೆ ಬಂದಿರಬೇಕು.

ಇಷ್ಟೆಲ್ಲ ಆದಮೇಲೆ ನಮ್ಮೂರಿನ ಕ್ಯಾಲೆಂಡರ್ ನೋಡಬೇಕು, ಅದೇ ನಿಜವಾದ ಬೆಟ್ಟ. ಡಿಸೆಂಬರ್ ಜನವರಿ ಎಂದರೆ ಅಡಕೆ ಕೊಯ್ಲು, ಕೋಲ, ಮದುವೆ, ಉಪನಯನ, ಯಾರದ್ದೋ ಮನೆಯ ಜೆಂಬ್ರ. ತೋಟಕ್ಕೆ ನೀರು ಬಿಡುವವರು ಯಾರು, ದನದ ಹಾಲು ಕರೆಯುವವರು ಯಾರು? ಎರಡು ವಾರ ಮುಂಚೆಯೇ ಹೇಳಿಟ್ಟರೆ ಪಕ್ಕದ ಮನೆಯವರೋ ಭಾವನೋ ಒಪ್ಪಿಕೊಳ್ಳುತ್ತಾರೆ, ಹಿಂದಿನ ದಿನ ಕೇಳಿದರೆ ಯಾರೂ ಸಿಗುವುದಿಲ್ಲ. ಅತ್ತೆಯವರು "ಇಬ್ಬರೇಯಾ? ಅದೂ ಕಾಡಿಗಾ?" ಎಂದು ಕೇಳಿಯೇ ಕೇಳುತ್ತಾರೆ. ಜಾಸ್ತಿ ವಾದ ಬೇಡ. ಎಲ್ಲಿಗೆ, ಎಲ್ಲಿ ಉಳಿಯುವುದು, ಎಷ್ಟು ಗಂಟೆಗೆ ಇಳಿದು ಫೋನ್ ಮಾಡುವುದು ಎಂದು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಬಿಡಿ. ಅವರಿಗೂ ಸಮಾಧಾನ, ನಿಮಗೂ ಕ್ಷೇಮ. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಯಾರನ್ನು ಕೇಳಬೇಕು ಎಂಬುದೂ ಆ ಚೀಟಿಯಲ್ಲಿರಲಿ, ಎಂದರೆ ಉಳಿಯುವ ಜಾಗದ ನಂಬರು.

ಗಂಟೆಯ ಲೆಕ್ಕ

ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರ 1892ರಲ್ಲಿ ಒಂದು ಲೆಕ್ಕ ಹೇಳಿಟ್ಟಿದ್ದಾನೆ, ಇವತ್ತಿಗೂ ಬೆಟ್ಟ ಹತ್ತುವವರು ಅದನ್ನೇ ಬಳಸುತ್ತಾರೆ. ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ರಾಣಿಪುರಂಗೆ ಹಾಕಿ ನೋಡೋಣ. ಟಿಕೆಟ್ ಕೌಂಟರಿನಿಂದ ತುದಿಗೆ ಸುಮಾರು ಎರಡೂವರೆ ಕಿಲೋಮೀಟರ್, ಅಂದರೆ ಅರ್ಧ ಗಂಟೆ. ಏರು ಮುನ್ನೂರು ಮೀಟರ್ ಹತ್ತಿರ, ಇನ್ನರ್ಧ ಗಂಟೆ. ಒಟ್ಟು ಒಂದು ಗಂಟೆ.

ಆದರೆ ಅದು ಚಳಿದೇಶದ ಗಟ್ಟಿಗರ ಲೆಕ್ಕ. ನಮ್ಮ ಸೆಕೆ, ಬೆವರು, ಬೇರುಗಳ ಮೇಲಿನ ಏರು, ನಡುವೆ ನಿಂತು ಫೋಟೋ ತೆಗೆಯುವುದು, ಸಿಂಗಳೀಕದ ಕೂಗು ಕೇಳಿದರೆ ತಲೆ ಎತ್ತಿ ಹುಡುಕುವುದು, ಎಲ್ಲ ಸೇರಿ ಅದನ್ನು ಎರಡು ಪಟ್ಟು ಮಾಡಿ. ಎರಡು ಗಂಟೆ. ಇಳಿಯಲು ಅರ್ಧ ಸಾಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಸಾಕಾಗುವುದಿಲ್ಲ. ತರಗೆಲೆಯ ಮೇಲೆ ಜಾರುತ್ತದೆ, ಮೊಣಕಾಲು ನಡುಗುತ್ತದೆ. ಒಂದೂವರೆ ಗಂಟೆ ಇಡಿ. ಮೇಲೆ ಕೂತು ತಿನ್ನಲು, ಗಾಳಿ ಕುಡಿಯಲು ಒಂದು ಗಂಟೆ. ಎಂಟೂವರೆಗೆ ಹೊರಟರೆ ಹತ್ತೂವರೆಗೆ ತುದಿ, ಹನ್ನೊಂದೂವರೆಗೆ ಇಳಿಯಲು ಶುರು, ಒಂದು ಗಂಟೆಗೆ ಕೆಳಗೆ. ಸಿಡಿಲಿನ ಹೊತ್ತಿಗೆ ಇನ್ನೂ ಒಂದು ಗಂಟೆ ಕೈಯಲ್ಲಿ ಉಳಿಯಿತು.

ಇದರಲ್ಲಿ ಮುಖ್ಯವಾದದ್ದು ವಾಪಸ್ಸು ತಿರುಗುವ ಗಂಟೆ. ಮನೆಯಲ್ಲಿರುವಾಗಲೇ ಇಬ್ಬರೂ ಒಪ್ಪಿಕೊಳ್ಳಿ: ಹನ್ನೊಂದೂವರೆಗೆ ಎಲ್ಲಿದ್ದರೂ ಸರಿ, ತುದಿ ಐವತ್ತು ಹೆಜ್ಜೆ ದೂರದಲ್ಲಿದ್ದರೂ ಸರಿ, ತಿರುಗುವುದು. ಬೆಟ್ಟದ ಮೇಲೆ ನಿಂತು ಇದನ್ನು ಚರ್ಚೆಗೆ ಇಟ್ಟರೆ ಒಬ್ಬರು "ಇನ್ನೇನು ಬಂದೇಬಿಟ್ಟಿತು" ಎನ್ನುತ್ತಾರೆ, ಇನ್ನೊಬ್ಬರು ಮುಖ ಸೊಟ್ಟ ಮಾಡುತ್ತಾರೆ. ಮೊದಲೇ ನಿಶ್ಚಯವಾಗಿದ್ದರೆ ಬೈಯಲು ಗಡಿಯಾರ ಇದೆ, ಗಂಡನನ್ನೋ ಹೆಂಡತಿಯನ್ನೋ ಬೈಯಬೇಕಾಗಿಲ್ಲ. ಇನ್ನೊಂದು ಮಾತು. "ನನಗೆ ಇಂದು ಆಗುವುದಿಲ್ಲ" ಎಂದು ಒಬ್ಬರು ಹೇಳಿದರೆ ಅದಕ್ಕೆ ಕಾರಣ ಕೇಳುವ ಹಾಗಿಲ್ಲ. ಇಬ್ಬರೂ ಇಳಿಯುವುದು. ಒಬ್ಬರನ್ನು ಬಂಡೆಯ ಮೇಲೆ ಕೂರಿಸಿ "ನಾನೊಮ್ಮೆ ನೋಡಿ ಬರುತ್ತೇನೆ" ಎಂದು ಹೋಗುವ ಶೂರರು ದಯವಿಟ್ಟು ಮದುವೆ ಆಗುವ ಮೊದಲೇ ಬೆಟ್ಟ ಹತ್ತಿ ಮುಗಿಸಿ.

ದಾರಿ ಮತ್ತು ಉಳಿಯುವ ಜಾಗ

ರೈಲಿನಲ್ಲಿ ಬರುವವರು ಕಾಞಂಗಾಡಿನಲ್ಲಿ ಇಳಿಯಿರಿ. ಅಲ್ಲಿಂದ ರಾಣಿಪುರಂಗೆ ಸುಮಾರು 45 ಕಿಲೋಮೀಟರ್. ಪಾಣತ್ತೂರು ಬಸ್ಸು ಹತ್ತಿ ಪನತ್ತಡಿಯಲ್ಲಿ ಇಳಿದರೆ ಮುಂದಿನ ಸುಮಾರು ಹತ್ತು ಕಿಲೋಮೀಟರ್‌ಗೆ ಜೀಪು ಹಿಡಿಯಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಕಾಞಂಗಾಡಿಗೆ ಸುತ್ತಬೇಕಾಗಿಲ್ಲ. ಮಲೆನಾಡು ಹೆದ್ದಾರಿಯಲ್ಲೇ ಬಂದಡ್ಕ ದಾಟಿ ಕೋಳಿಚ್ಚಾಲಿಗೆ ಬಂದರೆ ಪಾಣತ್ತೂರು ರಸ್ತೆ ಸಿಗುತ್ತದೆ. ಕೊನೆಯ ಏರು ಚೆನ್ನಾಗಿಯೇ ಇದೆ, ತಿರುವುಗಳಲ್ಲಿ ಫಸ್ಟ್ ಗೇರ್ ಬೇಕಾಗುತ್ತದೆ. ಸ್ಕೂಟರಿನಲ್ಲಿ ಇಬ್ಬರು ಮತ್ತು ಎರಡು ಚೀಲ ಎಂದರೆ ಸ್ಕೂಟರಿಗೇ ಟ್ರೆಕ್ಕಿಂಗ್. ಪೆಟ್ರೋಲ್ ಕೆಳಗೆಯೇ ತುಂಬಿಸಿಕೊಳ್ಳಿ, ನಗದು ಹಣವನ್ನೂ ಕೆಳಗೆಯೇ ತೆಗೆದಿಟ್ಟುಕೊಳ್ಳಿ.

ಒಳ್ಳೆಯ ಕ್ರಮ ಎಂದರೆ ಶನಿವಾರ ಮಧ್ಯಾಹ್ನ ಊಟ ಮಾಡಿ ಹೊರಟು, ಸಂಜೆ ಬುಡಕ್ಕೆ ತಲುಪಿ, ರಾತ್ರಿ ಅಲ್ಲೇ ಮಲಗಿ, ಭಾನುವಾರ ಬೆಳಿಗ್ಗೆ ಹತ್ತುವುದು. ಬುಡದಲ್ಲಿ ಡಿಟಿಪಿಸಿಯ (ಜಿಲ್ಲಾ ಪ್ರವಾಸೋದ್ಯಮ ಮಂಡಳಿಯ) ಕಾಟೇಜುಗಳಿವೆ, ಸುತ್ತ ಹೋಮ್‌ಸ್ಟೇಗಳೂ ಇವೆ. ರೂಮ್ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಬಿಸಿನೀರು ಇದೆಯಾ, ರಾತ್ರಿ ಊಟ ಅಲ್ಲಿಯೇ ಸಿಗುತ್ತದಾ, ಬೆಳಿಗ್ಗೆ ಏಳಕ್ಕೆ ಏನಾದರೂ ತಿನ್ನಲು ಕೊಡುತ್ತಾರಾ. ನೀವು ಸಸ್ಯಾಹಾರಿಗಳಾದರೆ ಅದನ್ನು ಫೋನಿನಲ್ಲೇ ಹೇಳಿ, ಹೋದ ಮೇಲೆ ಹೇಳಿದರೆ ಅನ್ನ ಮತ್ತು ಉಪ್ಪಿನಕಾಯಿಯೇ ಗತಿ. ಇಬ್ಬರದ್ದೂ ಆಧಾರ್ ಕಾರ್ಡ್ ಒಯ್ಯಿರಿ. ನಿಮ್ಮ ಮಲೆಯಾಳ ಹೇಗೇ ಇರಲಿ, ಅದರಲ್ಲೇ ಮಾತಾಡಿ, ಅರ್ಧ ಕೆಲಸ ಅಲ್ಲಿಗೇ ಆಗುತ್ತದೆ.

ಮತ್ತೆ, ಬೆಟ್ಟ ತೆರೆದಿದೆಯಾ ಎಂದು ಹಿಂದಿನ ದಿನ ಕೇಳಿಯೇ ಹೊರಡಿ. ಆನೆ ಇಳಿದರೆ ಅರಣ್ಯ ಇಲಾಖೆಯವರು ಹತ್ತಲು ಬಿಡುವುದಿಲ್ಲ. ಅದು ಅವರ ಹಠವಲ್ಲ.

ಚೀಲ

ಇಬ್ಬರಿಗೆ ಎರಡು ಚೀಲ. ಒಂದೇ ದೊಡ್ಡ ಚೀಲ ಮಾಡಿ ಗಂಡಸು ಹೊರುವುದು ನೋಡಲು ಚೆಂದ, ಆದರೆ ಇಬ್ಬರೂ ಐವತ್ತು ಹೆಜ್ಜೆ ಆಚೀಚೆ ಆದರೆ ಒಬ್ಬರ ಹತ್ತಿರ ನೀರೂ ಇಲ್ಲ, ಟಾರ್ಚೂ ಇಲ್ಲ. ಪ್ರತಿಯೊಬ್ಬರ ಚೀಲದಲ್ಲೂ ಅವರವರ ನೀರು, ಟಾರ್ಚು, ಸೀಟಿ, ಮಳೆಕೋಟು ಇರಲೇಬೇಕು. ಊಟ, ಔಷಧಿ, ಪವರ್ ಬ್ಯಾಂಕ್ ಇಂಥವನ್ನು ಹಂಚಿಕೊಳ್ಳಬಹುದು. ಒಬ್ಬರು ಬೇಗ ನಡೆಯುತ್ತಾರೆಂದರೆ ಹೆಚ್ಚಿನ ಭಾರ ಅವರಿಗೇ ಹೊರಿಸಿ. ನಡಿಗೆಯ ವೇಗ ತಾನಾಗಿಯೇ ಸರಿಹೋಗುತ್ತದೆ, ಇದು ನಾನು ಕಂಡ ಅತ್ಯಂತ ಸುಲಭ ಉಪಾಯ. ನಮ್ಮಲ್ಲಿ ಬೇಗ ನಡೆಯುವುದು ನಾನು, ಹಾಗಾಗಿ ಹಂಚಿಕೊಳ್ಳುವ ಸಾಮಾನಿನ ಭಾರ ನನ್ನದು.

ನೀರು ತಲೆಗೆ ಎರಡು ಲೀಟರ್. ಅಂದರೆ ಎರಡು ಕಿಲೋ, ಚೀಲದ ದೊಡ್ಡ ಭಾರ ಅದೇ. ಬಾಟಲಿಯನ್ನು ಚೀಲದ ಬದಿಯ ಜೇಬಿನಲ್ಲಿ ಇಡಬೇಡಿ, ಬಾಗಿದಾಗ ಬಿದ್ದು ಇಳಿಜಾರಿನಲ್ಲಿ ಉರುಳಿ ಹೋದರೆ ಕತೆ ಮುಗಿಯಿತು. ಬೆನ್ನಿಗೆ ತಾಗುವಂತೆ ಒಳಗೆ ನಿಲ್ಲಿಸಿ. ಒಂದು ಬಾಟಲಿಗೆ ಲಿಂಬೆ, ಉಪ್ಪು, ಸಕ್ಕರೆ ಹಾಕಿಕೊಳ್ಳಿ. ಓಆರ್‌ಎಸ್ ಪ್ಯಾಕೆಟ್ಟೂ ಎರಡು ಇರಲಿ, ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ ಎಂದು ಲೆಕ್ಕ, ಅರ್ಧ ಬಾಟಲಿಗೆ ಪೂರ್ತಿ ಸುರಿಯಬೇಡಿ.

ತಿನ್ನಲು ಚಪಾತಿ ಮತ್ತು ಒಣ ಪಲ್ಯ, ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದರೆ ತಟ್ಟೆ ಬೇಡ. ಬೆಲ್ಲ ತೆಂಗಿನಕಾಯಿ ಹಾಕಿದ ಅವಲಕ್ಕಿಯನ್ನು ಬೆಳಿಗ್ಗೆ ಕಲಸಿದರೆ ಹನ್ನೊಂದರ ಒಳಗೆ ಮುಗಿಸಬೇಕು, ಕಾಯಿ ಹಳಸುತ್ತದೆ. ನೇಂದ್ರ ಬಾಳೆಹಣ್ಣು, ಕಡಲೆ ಮಿಠಾಯಿ, ನೆಲಗಡಲೆ. ಹಸಿವು ಬರುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಿ. ಬೆಟ್ಟದಲ್ಲಿ ಗಂಡ ಹೆಂಡತಿಯರ ಮುನಿಸಿಗೆ ಮುಕ್ಕಾಲು ಪಾಲು ಕಾರಣ ಹಸಿವು, ಅದು ಇಬ್ಬರಿಗೂ ಆಗ ಗೊತ್ತಾಗುವುದಿಲ್ಲ. ಮಾತು ಚುಟುಕಾಗುತ್ತಿದೆ ಎಂದು ಅನಿಸಿದ ಕೂಡಲೇ ಕಡಲೆ ಮಿಠಾಯಿ ಮುರಿದು ಕೈಗೆ ಕೊಡಿ.

ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನಷ್ಟು ಭಾರ. ಮೇಲೆ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಳೆಕೋಟೇ ಸರಿ. ಮೊಬೈಲಿನಲ್ಲಿ ಆ ಜಾಗದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ. ಒಂದು ಫೋನ್ ಪೂರ್ತಿ ಚಾರ್ಜಿನಲ್ಲಿ ಸ್ವಿಚ್ ಆಫ್ ಆಗಿ ಚೀಲದೊಳಗೆ ಇರಲಿ, ಫೋಟೋಗೆ ಇನ್ನೊಂದು ಸಾಕು. ತುರ್ತಿಗೆ ನಂಬರು 112.

ಕಾಲು, ಮತ್ತು ಇಂಬಳ

ಶೂ ಹೊಸದಾದರೆ ಎರಡು ವಾರ ಮನೆಯ ಸುತ್ತ, ತೋಟದಲ್ಲಿ ಹಾಕಿಕೊಂಡು ಓಡಾಡಿ. ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿ, ಇಳಿಯುವಾಗ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುವುದು ಇದರಿಂದ ತಪ್ಪುತ್ತದೆ. ಇಳಿಯುವ ಮೊದಲು ಒಂದು ಕಡೆ ಕೂತು, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಕಾಲಗಂಟಿನ ಹತ್ತಿರ ಲೇಸನ್ನು ಬಿಗಿಯಾಗಿ ಎಳೆದು ಕಟ್ಟಿ. ಬೆರಳುಗಳ ಮೇಲೆ ಸಡಿಲವೇ ಇರಲಿ. ಮೊಣಕಾಲು ನೋವಿನವರು ಒಂದು ಕೋಲು ಹಿಡಿಯಿರಿ, ಅಡಕೆ ಮರದ ಸಲಾಕೆಯಾದರೂ ಸಾಕು. ಊರಿಂದಲೇ ತನ್ನಿ, ಕಾಡಿನಲ್ಲಿ ಮುರಿಯಬೇಡಿ.

ಮಳೆ ಬಿಟ್ಟು ತಿಂಗಳಾದರೂ ಕಾಡಿನ ತಂಪಿನಲ್ಲಿ ಇಂಬಳ ಇರುತ್ತವೆ. ಎಲೆಯ ತುದಿಯಲ್ಲಿ ನೂಲಿನ ಹಾಗೆ ಎದ್ದು ನಿಂತು ಆಚೀಚೆ ತಲೆ ಆಡಿಸುತ್ತಿರುತ್ತದೆ, ಕಾಲು ತಾಗಿತೋ ಹತ್ತಿತು. ಪ್ಯಾಂಟಿನ ತುದಿಯನ್ನು ಸಾಕ್ಸಿನ ಒಳಗೆ ತುರುಕಿ, ಸಾಕ್ಸಿಗೆ ಉಪ್ಪು ನೀರು ಸವರಿ. ಕಚ್ಚಿದ ಮೇಲೆ ಗಾಬರಿಯಾಗಿ ಎಳೆಯಬೇಡಿ, ಬೆಂಕಿಕಡ್ಡಿಯನ್ನೂ ಹಿಡಿಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕಡೆಯಿಂದ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಎಂಜಲಲ್ಲಿ ಇದೆ, ಅದಕ್ಕೇ ಬಿಟ್ಟ ಮೇಲೂ ಸೋರುತ್ತಿರುತ್ತದೆ. ತೊಳೆದು, ಹತ್ತಿ ಒತ್ತಿ ಹಿಡಿದರೆ ಆಯಿತು. ರಾತ್ರಿ ಸ್ನಾನ ಮಾಡುವಾಗ ಒಬ್ಬರ ಬೆನ್ನು, ಕುತ್ತಿಗೆ, ಕಿವಿಯ ಹಿಂದೆ ಇನ್ನೊಬ್ಬರು ನೋಡಿ, ಉಣ್ಣಿ ಅಂಟಿಕೊಂಡಿದ್ದರೆ ಗೊತ್ತಾಗುತ್ತದೆ. ಜೋಡಿಯಾಗಿ ಹೋದದ್ದರ ಲಾಭ ಇದು ಅಲ್ವಾ!

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಆದಷ್ಟು ಬೇಗ ಆಸ್ಪತ್ರೆ. ಜಿಲ್ಲಾ ಆಸ್ಪತ್ರೆ ಕಾಞಂಗಾಡಿನಲ್ಲಿದೆ.

ನಡೆಯುವಾಗ

ನಿಧಾನ ನಡೆಯುವವರು ಮುಂದೆ, ಬೇಗ ನಡೆಯುವವರು ಹಿಂದೆ. ಇದನ್ನು ತಿರುಗಿಸಿದರೆ ಏನಾಗುತ್ತದೆ ಎಂದರೆ, ಮುಂದೆ ಹೋದವರು ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ "ಹೋಗುವಾ" ಎನ್ನುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೆ ಸಿಗಲೇ ಇಲ್ಲ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ, ಮಾತು ತುಂಡಾದರೆ ಜಾಸ್ತಿಯಾಯಿತು.

ಶೌಚಾಲಯದ ಕೆಲಸವನ್ನು ಕೆಳಗೆಯೇ ಮುಗಿಸಿ, ಮೇಲೆ ಏನೂ ಇಲ್ಲ. ಮುಟ್ಟಿನ ದಿನ ಹತ್ತಿರವಿದ್ದರೆ ಪ್ಯಾಡ್, ಬಳಸಿದ್ದನ್ನು ಹಾಕಲು ಪೇಪರ್ ಮತ್ತು ಒಂದು ಜಿಪ್ ಕವರ್ ಚೀಲದಲ್ಲಿರಲಿ, ಅದನ್ನು ಕೆಳಗೆ ತಂದೇ ಬಿಸಾಡಬೇಕು. ತಾರೀಖು ಹೊಂದಿಸುವಾಗಲೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು, ಗಂಡಂದಿರು ಸಂಕೋಚಪಡುವುದೇನೂ ಇಲ್ಲ.

ಆನೆಯ ಹಸಿ ಲದ್ದಿ, ಆಗಷ್ಟೇ ಮುರಿದ ಗೆಲ್ಲು ಕಂಡರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಸದ್ದು ಮಾಡದೆ ಬಂದ ದಾರಿಯಲ್ಲೇ ವಾಪಸ್ಸು. ಕಾಲುದಾರಿ ಬಿಟ್ಟು ಒಳಗೆ ಹೋಗುವುದು, ಹುಲ್ಲುಗಾವಲಿನಲ್ಲಿ ಬೀಡಿ ಸಿಗರೇಟು, ಜೋರಾಗಿ ಹಾಡು ಹಾಕುವುದು ಇದೆಲ್ಲ ಬೇಡವೇ ಬೇಡ. ಬಂಡೆಯ ಅಂಚಿನಲ್ಲಿ ನಿಂತು ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವವರಿಗೆ ನಾನು ಹೇಳುವುದು ಏನೂ ಇಲ್ಲ, ಜೊತೆಗಿರುವವರು ಹೇಳಲಿ.

ಇನ್ನೊಂದು ದಿನ ಸಿಕ್ಕರೆ

ಸೋಮವಾರ ರಜೆ ಹಾಕಲು ಆಗುತ್ತದೆಂದರೆ ಇನ್ನೊಂದು ಬೆಟ್ಟ ಹತ್ತಬೇಡಿ. ಕಾಲು ನೋವು ಮರುದಿನವೇ ಜಾಸ್ತಿ. ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ರಸ್ತೆ ಇದೆ, ಕಾಡಿನ ನಡುವೆ ತಿರುವು ತಿರುವಾಗಿ ಏರುವ ದಾರಿ. ಹಗಲಿನಲ್ಲೇ ಹೋಗಿ. ಸಂಗಮದಲ್ಲಿ ಕಾಲು ನೆನೆಸಿ, ತಲಕಾವೇರಿ ನೋಡಿ, ಮಡಿಕೇರಿ ಸುಳ್ಯ ಜಾಲ್ಸೂರು ಮೇಲಾಗಿ ಮುಳ್ಳೇರಿಯಕ್ಕೆ ಇಳಿದರೆ ಬಂದ ದಾರಿಯಲ್ಲೇ ತಿರುಗಿ ಬರುವುದು ತಪ್ಪುತ್ತದೆ. ತಿರುವಿಗೆ ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ, ಹೊಟ್ಟೆ ತುಂಬ ತಿನ್ನುವುದು ಬೇಡ.

ಬೆಟ್ಟ ಇಳಿದ ದಿನವೇ ಮನೆಗೆ ಹೊರಡುವವರು ಗಾಡಿ ಓಡಿಸುವುದು ಯಾರು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಹತ್ತಿ ಸುಸ್ತಾದವರೇ ಸ್ಟಿಯರಿಂಗ್ ಹಿಡಿಯಬೇಕಾದರೆ ಊಟ ಮಾಡಿ ಒಂದು ಗಂಟೆ ಅಡ್ಡ ಬಿದ್ದು ಹೊರಡುವುದು ಲೇಸು. ಕೋಳಿಚ್ಚಾಲಿಗೆ ಬಂದ ಮೇಲೆ ಒಂದು ಚಾ ಕುಡಿಯಿರಿ, ಇಳಿದು ಬಂದೆವು ಎಂದು ಮನೆಗೆ ಫೋನ್ ಮಾಡಿರದಿದ್ದರೆ ಆಗಲಾದರೂ ಮಾಡಿ. ಮನೆಗೆ ಬಂದು ಎಷ್ಟೇ ಸುಸ್ತಾಗಿದ್ದರೂ ಶೂಗಳ ಮಣ್ಣು ಕೆರೆದು, ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೆಯ ಪೇಪರ್ ತುರುಕಿ ನೆರಳಿನಲ್ಲಿಡಿ. ಅಂಗಳದ ಸುಡುಬಿಸಿಲಿಗೆ ಇಟ್ಟರೆ ಅಂಟು ಬಿಟ್ಟು ಸೋಲ್ ಕಿತ್ತು ಬರುತ್ತದೆ, ಅದು ಗೊತ್ತಾಗುವುದು ಮುಂದಿನ ಸಲ ಬೆಟ್ಟದ ಮೇಲೆ.